ಹಡಗಿನ ಕಸಕ್ಕೆ ಲೆಕ್ಕ ಉಂಟು, ಸುಡುವವನ ಉಸಿರಿಗೆ?

1/8

ಫೋಟೋ ಪಣಂಬೂರಿನದ್ದು. ಮೊನ್ನೆ ಇಂಟರ್ನಲ್ಸ್ ಮುಗಿದ ಸಂಜೆ ತೆಗೆದದ್ದು. ಅಲೆಗಳ ಆಚೆ ಸಾಲಾಗಿ ಕಾಣುವ ಚುಕ್ಕೆಗಳೆಲ್ಲ ಹಡಗುಗಳು, ಬಂದರಿನ ಒಳಗೆ ಜಾಗ ಸಿಗಲಿ ಅಂತ ಕಾಯ್ತಾ ನಿಂತಿರುವಂಥವು. ನಮ್ಮ ಗ್ಯಾಂಗಿನ ಒಬ್ಬ ಇದನ್ನೇ ಸ್ಟೋರಿಗೆ ಹಾಕಿ "ಲೈಫ್ ಅಂದ್ರೆ ಅದು ಮಾರಾಯ" ಅಂತ ಬರೆದ. ಕೆಳಗೆ ಸಾಲು ಸಾಲು ಬೆಂಕಿ ಇಮೋಜಿ.

ಅಂಥ ಹಡಗುಗಳಲ್ಲಿ ನಿಜವಾದ ಬೆಂಕಿಯ ಪೆಟ್ಟಿಗೆಯೊಂದು ಇರ್ತದೆ. ಅದರ ಬಗ್ಗೆ ಮಾತ್ರ ನಾನು ಒಂದು ರೀಲ್ ಕೂಡ ನೋಡಿಲ್ಲ. ಇನ್ಸಿನರೇಟರ್ ಅಂತ ಹೆಸರು. ಹಡಗಿನ ಕಸ ಸುಡುವ ಒಲೆ.

ಮರ್ಚೆಂಟ್ ನೇವಿ ಸೇರ್ತೇನೆ ಅಂತ ಹೇಳುವವರು ನಮ್ಮ ಕ್ಲಾಸಲ್ಲೇ ನಾಲ್ಕು ಜನ ಇದ್ದೀರಿ. ಡಿಗ್ರಿ ಬಿಟ್ಟು ಜಿಪಿ ರೇಟಿಂಗ್ ಕೋರ್ಸಿಗೆ ಹೋದವರೂ ಇದ್ದಾರೆ. ಈ ಸಿರೀಸ್ ನಿಮಗೆ. ಉದ್ದ ಉಂಟು, ಸೇವ್ ಮಾಡಿ ಬಸ್ಸಲ್ಲಿ ಓದಿ. ಹಡಗಿನ ಕಸಕ್ಕೆ ಜಗತ್ತು ಮಾಡಿದ ನಿಯಮಗಳು ಸಮುದ್ರವನ್ನು ಕಾಯ್ತವೆ, ಗಾಳಿಯನ್ನೂ ಒಂದಿಷ್ಟು ಕಾಯ್ತವೆ. ಆ ಕಸವನ್ನು ಕೈಯಲ್ಲಿ ಹಿಡಿಯುವ ಹುಡುಗನ ನೆನಪಾಗುವುದು ಕೊನೆಗೆ. ಇದು ನನ್ನ ಜಗಳ.

2/8

ಮೊದಲು ಕಸ ಸುಡುವ ಪರಿಸ್ಥಿತಿ ಯಾಕೆ ಬಂತು ನೋಡಿ.

ಹಿಂದೆ ಹಡಗಿನ ಕಸ ಅಂದರೆ ಸೀದಾ ನೀರಿಗೆ. ಆಮೇಲೆ ಮಾರ್ಪೋಲ್ ಅಂತ ಅಂತಾರಾಷ್ಟ್ರೀಯ ಒಪ್ಪಂದ ಬಂತು. ವಿಶ್ವಸಂಸ್ಥೆಯ ಅಂಗವಾದ ಐಎಂಒ ಅದನ್ನು ನೋಡಿಕೊಳ್ತದೆ. ಅದರ ಐದನೇ ಅನುಬಂಧ ಪೂರ್ತಿ ಕಸದ್ದೇ. 2013ರ ಜನವರಿ 1ರಿಂದ ಅದು ಇನ್ನೂ ಬಿಗಿಯಾಯ್ತು. ಮೊದಲು "ಇಂಥದ್ದನ್ನು ಹಾಕಬಾರದು" ಅಂತ ಇತ್ತು, ಈಗ "ಯಾವುದನ್ನೂ ಹಾಕಬಾರದು, ಹೆಸರಿಸಿದ ಕೆಲವನ್ನು ಬಿಟ್ಟು" ಅಂತ. ಊಟದ ಕಸವನ್ನು ದಡದಿಂದ ಸಾಕಷ್ಟು ದೂರ ಹೋಗಿ ಹಾಕಬಹುದು. ಪ್ಲಾಸ್ಟಿಕ್ ಎಲ್ಲಿಯೂ ಇಲ್ಲ. ಇನ್ಸಿನರೇಟರಿನ ಬೂದಿಯೂ ಇಲ್ಲ.

ಒಳ್ಳೆಯ ನಿಯಮ. ನಾನು ಇದಕ್ಕೆ ವಿರುದ್ಧ ಅಲ್ಲ, ಸ್ಕ್ರೀನ್‌ಶಾಟ್ ತೆಗೆದು ಜಗಳಕ್ಕೆ ಬರಬೇಡಿ.

ಆದರೆ ಯೋಚಿಸಿ. ಇಪ್ಪತ್ತು ಇಪ್ಪತ್ತೈದು ಜನ ಇರುವ ಒಂದು ಸರಕು ಹಡಗು, ಬಂದರಿಂದ ಬಂದರಿಗೆ ಕೆಲವು ಸಲ ಮೂರು ನಾಲ್ಕು ವಾರ. ಅಷ್ಟೂ ದಿನ ಪ್ಯಾಕೇಜಿಂಗ್, ಎಣ್ಣೆ ಒರೆಸಿದ ಬಟ್ಟೆ, ಪೇಂಟ್ ಡಬ್ಬಿ, ರಟ್ಟು, ಎಂಜಿನ್ನಿನಿಂದ ಬರುವ ಕೊಳಕು ಎಣ್ಣೆ. ನೀರಿಗೆ ಹಾಕುವ ಹಾಗಿಲ್ಲ. ಇಟ್ಟುಕೊಂಡರೆ ಜಾಗ ಇಲ್ಲ, ವಾಸನೆ, ಬೆಂಕಿಯ ಭಯ. ಬಂದರಲ್ಲಿ ಇಳಿಸಿದರೆ ದುಡ್ಡು ಕೊಡಬೇಕು, ಕೆಲವು ಬಂದರಲ್ಲಿ ತೆಗೆದುಕೊಳ್ಳುವ ವ್ಯವಸ್ಥೆಯೇ ಸರಿ ಇಲ್ಲ. ಉಳಿದ ದಾರಿ ಯಾವುದು? ಸುಡು.

ಮಂಗಳೂರಿನವರಿಗೆ ಇದು ಅರ್ಥ ಆಗದಿದ್ದರೆ ಇನ್ಯಾರಿಗೆ ಆಗಬೇಕು? 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ಅಡಿಕೆ ತೋಟದ ಮೇಲೆ ಬಂದು ಕೂತದ್ದು ನೆನಪುಂಟಲ್ಲ. ನಮ್ಮ ಗೇಟಿನ ಎದುರಿಂದ ಹೋದ ಕಸ ಇನ್ನೊಬ್ಬರ ಅಂಗಳಕ್ಕೆ ಹೋಗಿತ್ತು. ಹಡಗಿನಲ್ಲಿ ಆ ಅಂಗಳ ಅಂದರೆ ಫನೆಲ್ ಪಕ್ಕದ ಒಂದು ಬಿಸಿ ರೂಮು. ಅಲ್ಲಿ ಒಬ್ಬ ವೈಪರ್ ಅಥವಾ ಒಬ್ಬ ಆಯಿಲರ್.

3/8

ಈ ಯಂತ್ರ ಹೇಗೆ ಕೆಲಸ ಮಾಡ್ತದೆ ಅಂತ ನನಗೆ ಹೇಳಿಕೊಟ್ಟದ್ದು ದೊಡ್ಡಮ್ಮನ ಮಗ. ಅವನ ಕಥೆ ಮುಂದಿನ ಪೋಸ್ಟಲ್ಲಿ. ಮೊದಲು ಯಂತ್ರ.

ಒಳಗೆ ಬೆಂಕಿಗೂಡು, ಡೀಸೆಲ್ ಬರ್ನರ್, ಒಂದು ಫ್ಯಾನ್, ಒಂದು ಬಾಗಿಲು. ಮಾರ್ಪೋಲಿನ ಆರನೇ ಅನುಬಂಧದ ಪ್ರಕಾರ 2000ನೇ ಇಸವಿಯ ನಂತರ ಕೂರಿಸಿದ ಯಂತ್ರಗಳಲ್ಲಿ ಒಳಗಿನ ಉಷ್ಣತೆ 850 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕಸವನ್ನು ಒಟ್ಟಿಗೆ ತುಂಬಿಸಿ ಸುಡುವ ಮಾದರಿಯಾದರೆ ಶುರು ಮಾಡಿ ಐದು ನಿಮಿಷದಲ್ಲಿ 600 ದಾಟುವ ಹಾಗೆ ಅದರ ವಿನ್ಯಾಸ ಇರಬೇಕು. ಕಾರಣ ಏನೆಂದರೆ, ಕ್ಲೋರಿನ್ ಇರುವ ಪ್ಲಾಸ್ಟಿಕ್ ಅರೆಬರೆ ಬೆಂದರೆ ಡಯಾಕ್ಸಿನ್ ಥರದ ವಿಷ ಹುಟ್ತದೆ. ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ. ಅದಕ್ಕೇ ಐಎಂಒ ಮಾನ್ಯತೆ ಇಲ್ಲದ ಯಂತ್ರದಲ್ಲಿ ಪಿವಿಸಿ ಹಾಕುವ ಹಾಗಿಲ್ಲ. ಭಾರ ಲೋಹ ಇರುವ ಕಸ ಯಾವ ಯಂತ್ರಕ್ಕೂ ಇಲ್ಲ. ಬ್ಯಾಟರಿ, ಟ್ಯೂಬ್‌ಲೈಟ್, ಸರ್ಕ್ಯೂಟ್ ಬೋರ್ಡ್ ಎಲ್ಲ ಅಲ್ಲಿಗೇ ಬಂತು.

ಓದುವಾಗ "ಸರಿ ಉಂಟಲ್ಲ" ಅನ್ನಿಸ್ತದೆ. ನನಗೂ ಅನ್ನಿಸಿತ್ತು. ಆದರೆ 850 ಡಿಗ್ರಿ ಯಂತ್ರ ಪೂರ್ತಿ ಕಾದ ಮೇಲಿನ ಮಾತು. ಹುಡುಗ ಯಂತ್ರದ ಹತ್ತಿರ ಇರುವುದು ಅದಕ್ಕೆ ಮೊದಲು ಮತ್ತು ಆದ ಮೇಲೆ. ಮೊದಲು ಅಂದರೆ ಕಸ ಬಿಚ್ಚಿ ವಿಂಗಡಿಸುವಾಗ. ಯಾರದೋ ಶೇವಿಂಗ್ ಬ್ಲೇಡ್, ಒಡೆದ ಗಾಜು, ಆಸ್ಪತ್ರೆ ರೂಮಿನ ಸೂಜಿ ಅದರಲ್ಲಿ ಇರಬಹುದು. ಆಮೇಲೆ ಅಂದರೆ ತಣ್ಣಗಾದ ಗೂಡಿಗೆ ಬಗ್ಗಿ ಬೂದಿ ಕೆರೆದು ತೆಗೆಯುವಾಗ. ಆ ಬೂದಿ ಹಿಟ್ಟಿಗಿಂತ ನುಣ್ಣಗೆ, ಸಲಿಕೆ ಹಾಕಿದ ಕೂಡಲೇ ಮುಖಕ್ಕೆ ಏಳ್ತದೆ. ಬೇಯದೆ ಉಳಿದ ಲೋಹ ಎಲ್ಲ ಅದರಲ್ಲೇ. ಗಾಜು ಕರಗಿ ತಳಕ್ಕೆ ಅಂಟಿದ್ದರೆ ಅದನ್ನು ಉಳಿ ಸುತ್ತಿಗೆ ಹಿಡಿದು ಒಡೆಯುವವನೂ ಅವನೇ.

ನಡುವೆ ಬಾಗಿಲು. ಒಳಗೆ ಬರ್ನರ್ ಆರಿ ಡೀಸೆಲ್ ಆವಿ ತುಂಬಿದ್ದರೆ, ಫ್ಯಾನ್ ಹಾಕಿ ಅದನ್ನು ಹೊರದೂಡದೆ ಮತ್ತೆ ಬೆಂಕಿ ಹಚ್ಚಿದರೆ ಸ್ಫೋಟ. ಸ್ಪ್ರೇ ಕ್ಯಾನ್, ಲೈಟರ್ ಕಸದಲ್ಲಿ ಇದ್ದರೆ ಸ್ಫೋಟ. ಉರಿಯುವಾಗ ಬಾಗಿಲು ತೆರೆದರೆ ಒಮ್ಮೆಲೇ ಗಾಳಿ ನುಗ್ಗಿ ಬೆಂಕಿ ಬಾಗಿಲಿನ ದಾರಿಯಲ್ಲೇ ಹೊರಗೆ ಬರ್ತದೆ. ಹಾಗಾಗಿ ಬಿಸಿ ಇರುವಾಗ ಬಾಗಿಲು ತೆರೆಯದ ಹಾಗೆ ಲಾಕ್ ಇಟ್ಟಿರ್ತಾರೆ. ಇಂಟರ್‌ಲಾಕ್ ಅಂತಾರೆ. ಈ ಶಬ್ದ ನೆನಪಲ್ಲಿ ಇಟ್ಟುಕೊಳ್ಳಿ.

ಎಣ್ಣೆ ಒರೆಸಿದ ಬಟ್ಟೆ ಮೂಲೆಯಲ್ಲಿ ಗುಡ್ಡೆ ಬಿದ್ದರೆ ಯಾರೂ ಕಡ್ಡಿ ಗೀರದೆಯೂ ತಾನಾಗಿ ಹೊತ್ತಿಕೊಳ್ಳಬಹುದು, ಅದು ಬೇರೆ ಕಥೆ.

4/8

ದೊಡ್ಡಮ್ಮನ ಮಗ ಎಂಜಿನ್ ಸೈಡ್, ವೈಪರ್ ಆಗಿ ಹೋದದ್ದು. ಮೊದಲ ಕಾಂಟ್ರಾಕ್ಟ್ ಒಂಬತ್ತು ತಿಂಗಳು. ಕಂಪನಿ ಹೆಸರು ಹೇಳಲ್ಲ, ಅವನಿಗೆ ಇನ್ನೂ ಹಡಗಿನ ಕೆಲಸ ಬೇಕು.

ಆ ಹಡಗಿನಲ್ಲಿ ಇಂಟರ್‌ಲಾಕ್ ಸ್ವಿಚ್ ಹಾಳಾಗಿ ತಿಂಗಳುಗಳಾಗಿತ್ತಂತೆ. ಸ್ವಿಚ್ ಸರಿ ಇಲ್ಲದಿದ್ದರೆ ಯಂತ್ರ ಶುರುವೇ ಆಗಲ್ಲ. ಹಾಗಾಗಿ ಯಾರೋ ಒಂದು ತುಂಡು ತಂತಿ ಸುತ್ತಿ, ಬಾಗಿಲು ಮುಚ್ಚಿದೆ ಅಂತ ಯಂತ್ರವನ್ನು ನಂಬಿಸಿಟ್ಟಿದ್ದರು. ಯಾರು ಸುತ್ತಿದ್ದು ಅಂತ ಕೇಳಿದರೆ "ನಾನು ಹೋಗುವಾಗಲೇ ಹಾಗಿತ್ತು" ಅಂತಾನೆ. ಅವನಿಗಿಂತ ಮೊದಲು ಬಂದವನೂ ಅದನ್ನೇ ಹೇಳಿದ್ದನಂತೆ. ಸ್ಪೇರ್ ಬರೆದಿದ್ದರು, ಮುಂದಿನ ಬಂದರಲ್ಲಿ ಬರ್ತದೆ ಅಂದಿದ್ದರು. ಬಂದರು ಬಂತು, ಸ್ವಿಚ್ ಬರಲಿಲ್ಲ.

ಒಂದು ದಿನ ಕ್ಯಾಬಿನ್ನುಗಳ ಚೀಲ ಬಂತು. ಅದರಲ್ಲಿ ಡಿಯೋಡ್ರಂಟ್ ಕ್ಯಾನ್ ಒಂದು ಇತ್ತು. ಪ್ಲಾಸ್ಟಿಕ್, ಲೋಹ, ಉಳಿದದ್ದು ಅಂತ ಮೂರು ಬಣ್ಣದ ಡಬ್ಬಿ ಕಾರಿಡಾರಲ್ಲಿ ಇತ್ತು, ಮೇಲೆ ಚಂದದ ಪೋಸ್ಟರ್ ಕೂಡ ಇತ್ತು. ಆದರೂ ಕ್ಯಾನ್ ರಟ್ಟಿನ ಜೊತೆ ಬಂತು. ಒಳಗೆ ಪಟ್ ಅಂತ ಸದ್ದಾಯ್ತು. ಬರ್ನರ್ ಆರಿತು. ಇವನು ಏನಾಯ್ತು ಅಂತ ಬಾಗಿಲು ಎಳೆದ. ಲಾಕ್ ಇದ್ದಿದ್ದರೆ ಬಾಗಿಲು ಬರ್ತಿರಲಿಲ್ಲ. ಬಂತು.

ಕೈಗೆ ಹತ್ತಿಯ ಗ್ಲೌಸ್. ಮಣಿಕಟ್ಟಿನಿಂದ ಮೊಣಕೈ ತನಕ ಸುಟ್ಟಿತು. ಮುಖ ತಿರುಗಿಸಿದ್ದರಿಂದ ಕಣ್ಣು ಉಳಿಯಿತು, ಒಂದು ಹುಬ್ಬು ಹೋಯಿತು, ಅದು ಮತ್ತೆ ಬಂತು. ಹತ್ತಿರದ ಬಂದರಿಗೆ ಆರು ದಿನದ ದಾರಿ. ಆ ಆರು ದಿನ ಹಡಗಿನ ಔಷಧದ ಪೆಟ್ಟಿಗೆ, ಮತ್ತೆ ರೇಡಿಯೋದಲ್ಲಿ ಡಾಕ್ಟರ್ ಹೇಳಿದ್ದನ್ನು ಕೇಳಿ ಬ್ಯಾಂಡೇಜ್ ಕಟ್ಟಿದ ಸೆಕೆಂಡ್ ಆಫೀಸರ್. ಆ ಆಫೀಸರನ್ನು ಇವನು ಈಗಲೂ ದೇವರು ಅಂತಾನೆ.

ಕಳೆದ ಮೇ ತಿಂಗಳ ಮದುವೆಯಲ್ಲಿ, ಆ ಸೆಕೆಯಲ್ಲಿ, ಎಲ್ಲರೂ ತೋಳು ಮಡಚಿ ಬಡಿಸ್ತಾ ಇದ್ದಾಗ ಇವನೊಬ್ಬ ಗುಂಡಿ ಹಾಕಿದ ಫುಲ್ ಸ್ಲೀವಲ್ಲಿ ಇದ್ದ. ನಾನು ತಮಾಷೆ ಮಾಡಿದೆ, "ಎಂತ, ಫಾರಿನ್ ಸ್ಟೈಲಾ?" ಅಂತ. ಆವಾಗ ನನಗೆ ಗೊತ್ತಿರಲಿಲ್ಲ.

5/8

ರಿಪೋರ್ಟಲ್ಲಿ ಏನು ಬರೆದರು ಗೊತ್ತಾ? "ಸಿಬ್ಬಂದಿಯ ಅಜಾಗರೂಕತೆ."

ತಂತಿ ಸುತ್ತಿದ್ದು ಅಜಾಗರೂಕತೆ ಅಲ್ಲ. ಸ್ವಿಚ್ ಕಳಿಸದ್ದು ಅಜಾಗರೂಕತೆ ಅಲ್ಲ. ಕ್ಯಾನನ್ನು ರಟ್ಟಿನ ಜೊತೆ ಎಸೆದದ್ದೂ ಅಲ್ಲ. ಬಾಗಿಲು ಎಳೆದ ಇಪ್ಪತ್ತೊಂದು ವರ್ಷದ ಹುಡುಗ ಮಾತ್ರ ಅಜಾಗರೂಕ.

6/8

ಈಗ ನಮ್ಮ ಸಬ್ಜೆಕ್ಟಿಗೆ ಬರುವ, ಅಕೌಂಟ್ಸ್.

ಹಡಗಿನಲ್ಲಿ ಗಾರ್ಬೇಜ್ ರೆಕಾರ್ಡ್ ಬುಕ್ ಅಂತ ಒಂದು ಪುಸ್ತಕ ಇರ್ತದೆ. ನಮ್ಮ ಲೆಡ್ಜರಿನ ಹಾಗೆ. ಪ್ಲಾಸ್ಟಿಕ್ಕಿಗೆ ಎ, ಊಟದ ಕಸಕ್ಕೆ ಬಿ, ಬೂದಿಗೆ ಇ, ಹೀಗೆ ಅಕ್ಷರಗಳು. ಸುಟ್ಟರೆ ಯಾವ ತಾರೀಕು, ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಮುಗಿಯಿತು, ಸಮುದ್ರದ ಯಾವ ಬಿಂದುವಿನಲ್ಲಿ, ಎಷ್ಟು ಘನ ಮೀಟರ್, ಎಲ್ಲ ಬರೆಯಬೇಕು. ಜವಾಬ್ದಾರಿ ಇರುವ ಆಫೀಸರ್ ಸಹಿ, ಪುಟದ ಕೆಳಗೆ ಕ್ಯಾಪ್ಟನ್ ಸಹಿ. ಕೊನೆಯ ಎಂಟ್ರಿ ಆದ ಮೇಲೆ ಎರಡು ವರ್ಷ ಇಟ್ಟುಕೊಳ್ಳಬೇಕು. ಮೊದಲು 400 ಟನ್ನೇಜ್ ಮೇಲಿನ ಹಡಗುಗಳಿಗೆ ಇತ್ತು, 2024ರ ಮೇ 1ರಿಂದ 100ರ ಮೇಲಿನವಕ್ಕೂ ಬಂದಿದೆ.

ಇಷ್ಟು ಚಂದದ ಪುಸ್ತಕದಲ್ಲಿ ಒಲೆಯ ಎದುರು ನಿಂತವನ ಹೆಸರಿಗೆ ಕಾಲಂ ಇಲ್ಲ. ಎಷ್ಟು ಗಂಟೆ ಹೊಗೆ ಕುಡಿದ, ಬೂದಿ ತೆಗೆಯುವಾಗ ಯಾವ ಮಾಸ್ಕ್ ಹಾಕಿದ್ದ ಅಂತ ಬರೆಯುವ ಜಾಗ ಇಲ್ಲ. ಒಂದು ಘನ ಮೀಟರ್ ರಟ್ಟಿಗೆ ಅಕ್ಷಾಂಶ ರೇಖಾಂಶ ಉಂಟು. ಹುಡುಗ ಎಂಟ್ರಿಯೇ ಆಗದ ಖರ್ಚು.

ಬಂದರಿಗೆ ಬಂದ ಇನ್ಸ್‌ಪೆಕ್ಟರ್ ನೋಡುವುದು ಈ ಪುಸ್ತಕ, ಮತ್ತೆ ತಣ್ಣಗಾದ ಯಂತ್ರ. ಕಸ ಸುಡುವುದು ಹೆಚ್ಚಾಗಿ ನಡುಸಮುದ್ರದಲ್ಲಿ. ಆಗ ನೋಡುವವರು ಯಾರು?

ಕಂಪನಿಯ ಕಡೆಯಿಂದ ಲೆಕ್ಕ ಹಾಕಿ. ಬಂದರಲ್ಲಿ ಕಸ ಇಳಿಸಿದರೆ ಬಿಲ್ ಬರ್ತದೆ, ಬಿಲ್ ಕಾಣ್ತದೆ. ಹಡಗಲ್ಲೇ ಸುಟ್ಟರೆ ಡೀಸೆಲ್ ಒಂದು ಸ್ವಲ್ಪ, ಹುಡುಗನ ಸಂಬಳ ಹೇಗೂ ಕೊಡ್ತಿದ್ದಾರೆ. ಕಾಗದದ ಮೇಲೆ ಸುಡುವುದೇ ಅಗ್ಗ. ಬಿಸಿನೆಸ್ ಎಕನಾಮಿಕ್ಸಲ್ಲಿ ಮೇಡಂ ಎಕ್ಸ್‌ಟರ್ನಾಲಿಟಿ ಅಂತ ಪಾಠ ಮಾಡಿದರಲ್ಲ, ಕಾರ್ಖಾನೆ ಮತ್ತೆ ನದಿಯ ಉದಾಹರಣೆ ಕೊಟ್ಟು. ನದಿ ಹಡಗಿನ ಹೊರಗೆ ಉಂಟು. ಇಲ್ಲಿ ಖರ್ಚು ಹೊತ್ತುಕೊಂಡವನು ಒಳಗೇ ಇದ್ದಾನೆ, ಪೇರೋಲಲ್ಲೇ ಇದ್ದಾನೆ.

ಸಮುದ್ರಕ್ಕೆ ತೊಂದರೆ ಆದರೆ ಏನಾಗ್ತದೆ ನೋಡಿ. 2013ರಲ್ಲಿ ಕೆರಿಬಿಯನ್ ಪ್ರಿನ್ಸೆಸ್ ಅನ್ನುವ ಕ್ರೂಸ್ ಹಡಗಿನ ಎಂಜಿನಿಯರ್ ಒಬ್ಬ, ಕದ್ದು ಪೈಪ್ ಹಾಕಿ ಎಣ್ಣೆಯ ನೀರನ್ನು ಸಮುದ್ರಕ್ಕೆ ಬಿಡ್ತಿದ್ದಾರೆ ಅಂತ ದೂರು ಕೊಟ್ಟ. 2016ರಲ್ಲಿ ಪ್ರಿನ್ಸೆಸ್ ಕ್ರೂಸಸ್ ಕಂಪನಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 40 ಮಿಲಿಯನ್ ಡಾಲರ್ ದಂಡ ಕಟ್ಟಲು ಒಪ್ಪಿತು. ಅಲ್ಲಿನ ಕಾನೂನಲ್ಲಿ ಇಂಥ ದಂಡದ ಅರ್ಧದಷ್ಟನ್ನು ಸಹ ಸುಳಿವು ಕೊಟ್ಟವನಿಗೆ ಕೊಡಬಹುದು. ಸರಿಯಾದ ಕಾನೂನು. ಅದೇ ಎಂಜಿನಿಯರ್ "ನಮ್ಮ ಇನ್ಸಿನರೇಟರ್ ಬಾಗಿಲಿಗೆ ತಂತಿ ಸುತ್ತಿದ್ದಾರೆ" ಅಂತ ದೂರು ಕೊಟ್ಟಿದ್ದರೆ ಅಷ್ಟು ಸುದ್ದಿ ಆಗ್ತಿತ್ತಾ?

7/8

ಈಗ ನಿಮ್ಮ ಪ್ರಶ್ನೆಗಳು. ಸ್ಟೋರಿಯಲ್ಲಿ ಕೇಳಿದಾಗ ಬಂದವು.

"ಡಾಲರಲ್ಲಿ ಸಂಬಳ ತಗೊಳ್ಳುವಾಗ ಇದೆಲ್ಲ ಇರ್ತದೆ." ಅಂದರೆ ಸಂಬಳದಲ್ಲಿ ಸುಟ್ಟ ಕೈಯ ರೇಟೂ ಸೇರಿದೆ ಅಂತಲಾ? ಯಾವ ಕಾಂಟ್ರಾಕ್ಟಲ್ಲಿ ಬರೆದಿದ್ದಾರೆ ತೋರಿಸಿ. ಮತ್ತೆ ಡಾಲರ್ ಡಾಲರ್ ಅಂತೀರಲ್ಲ, ಕ್ಯಾಪ್ಟನ್ನಿನ ಡಾಲರೂ ವೈಪರಿನ ಡಾಲರೂ ಒಂದೇ ಅಲ್ಲ. ಒಲೆಯ ಹತ್ತಿರ ನಿಲ್ಲುವುದು ಕಡಿಮೆ ಡಾಲರಿನವನು.

"ಮಾಸ್ಕ್ ಕೊಡ್ತಾರಲ್ಲ." ಕೊಡ್ತಾರೆ. ಬಟ್ಟೆಯಂಥ ಧೂಳಿನ ಮಾಸ್ಕ್ ಧೂಳನ್ನೇ ಸರಿಯಾಗಿ ತಡೆಯಲ್ಲ, ಅನಿಲವನ್ನಂತೂ ತಡೆಯುವುದೇ ಇಲ್ಲ. ಕೋವಿಡ್ ಕಾಲದಲ್ಲಿ ಯಾವ ಮಾಸ್ಕ್ ಯಾವುದಕ್ಕೆ ಅಂತ ವಾಟ್ಸಾಪ್ ಯೂನಿವರ್ಸಿಟಿಯಲ್ಲಿ ಡಿಗ್ರಿ ತಗೊಂಡವರು ನಾವು. ಇಷ್ಟು ಬೇಗ ಮರೆತೆವಾ?

"ಹಡಗಿನವರಿಗೆ ಕಾನೂನೇ ಇಲ್ವಾ ಹಾಗಾದರೆ?" ಉಂಟು. 2006ರ ಕಡಲ ಕಾರ್ಮಿಕ ಒಪ್ಪಂದ 2013ರಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಸಹಿ ಹಾಕಿದೆ. ಸುರಕ್ಷತೆ, ವಿಶ್ರಾಂತಿ, ಹಡಗಲ್ಲೇ ದೂರು ಕೊಡುವ ಹಕ್ಕು ಎಲ್ಲ ಅದರಲ್ಲಿ ಉಂಟು. ಅದರ ಪ್ರಕಾರ ದಿನಕ್ಕೆ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಬೇಕು. ಆದರೆ ಹಡಗಿನ ಬಾವುಟ ಪನಾಮಾದ್ದೋ ಲೈಬೀರಿಯಾದ್ದೋ, ಮಾಲೀಕ ಇನ್ನೊಂದು ದೇಶ, ಮ್ಯಾನೇಜರ್ ಮತ್ತೊಂದು, ಹುಡುಗ ಕುಂದಾಪುರ. ದೂರು ಕೊಡಬೇಕಾದದ್ದು ಮುಂದಿನ ಕಾಂಟ್ರಾಕ್ಟಿಗೆ "ಓಕೆ" ಅಂತ ಬರೆಯುವ ಅದೇ ಆಫೀಸರಿಗೆ. ನೀವಾದರೆ ಕೊಡ್ತೀರಾ? ನಿಜ ಹೇಳಿ. ಲೆಕ್ಚರರ್ ತಪ್ಪು ಮಾರ್ಕ್ ಹಾಕಿದಾಗ ಕೇಳಲು ಹೋಗದವರು ನಾವು, ಇಂಟರ್ನಲ್ಸ್ ಅವರ ಕೈಯಲ್ಲಿ ಅಂತ.

ಇನ್ನೊಂದು ಗುಂಪು ಉಂಟು, ನನಗೆ ಇಷ್ಟವಾದ ಗುಂಪೇ, ಪರಿಸರದ ಪೇಜುಗಳು. ಆಮೆಯ ಮೂಗಿನಲ್ಲಿ ಸ್ಟ್ರಾ ಸಿಕ್ಕಿದ ವಿಡಿಯೋ ನೋಡಿ ನಾನೂ ಅತ್ತಿದ್ದೇನೆ. "ಹಡಗುಗಳು ಈಗ ಪ್ಲಾಸ್ಟಿಕ್ ಸಮುದ್ರಕ್ಕೆ ಹಾಕುವ ಹಾಗಿಲ್ಲ" ಅಂತ ನೀವು ಹಾಕಿದ ಪೋಸ್ಟಿಗೆ ಲೈಕ್ ಕೊಟ್ಟಿದ್ದೇನೆ. ಹಾಗಾದರೆ ಆ ಪ್ಲಾಸ್ಟಿಕ್ ಎಲ್ಲಿ ಹೋಯ್ತು ಅಂತ ಮುಂದಿನ ಸ್ಲೈಡ್ ಯಾಕೆ ಇಲ್ಲ? ಆಮೆಗೆ ಕೊಟ್ಟ ಕಣ್ಣೀರಲ್ಲಿ ಕಾಲು ಭಾಗ ಆಯಿಲರಿಗೆ ಕೊಡಿ ಸಾಕು.

ಹೊಗೆಯ ಕಾಯಿಲೆ ಕೂಡಲೇ ಕಾಣುವುದಿಲ್ಲ, ಅದೇ ದೊಡ್ಡ ತೊಂದರೆ. ಇರಾಕ್, ಅಫ್ಘಾನಿಸ್ತಾನದಲ್ಲಿ ಅಮೆರಿಕದ ಸೈನ್ಯ ತನ್ನ ಕಸವನ್ನೆಲ್ಲ ಬಯಲು ಗುಂಡಿಯಲ್ಲಿ ಹಾಕಿ ಸುಡ್ತಿತ್ತು. ಅಲ್ಲಿ ಇದ್ದ ಸೈನಿಕರಿಗೆ ವರ್ಷಗಳ ನಂತರ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ಬಂತು. ಹೊಗೆಯಿಂದಲೇ ಬಂತು ಅಂತ ಒಬ್ಬೊಬ್ಬರೂ ಸಾಬೀತು ಮಾಡಬೇಕಿತ್ತು. ಕುಟುಂಬಗಳು ಬೀದಿಗೆ ಇಳಿದು ಹೋರಾಡಿದ ಮೇಲೆ, 2022ರ ಆಗಸ್ಟಿನಲ್ಲಿ ಪ್ಯಾಕ್ಟ್ ಕಾಯ್ದೆ ಬಂತು. ಪಟ್ಟಿಯಲ್ಲಿರುವ ಕಾಯಿಲೆಗಳು ಸೇವೆಯಿಂದಲೇ ಬಂದವು ಅಂತ ಸರ್ಕಾರವೇ ಒಪ್ಪಿಕೊಳ್ತದೆ. ಗುಂಡಿಯೂ ಯಂತ್ರವೂ ಒಂದೇ ಅಲ್ಲ, ಗೊತ್ತು. ಯಂತ್ರ ಸರಿ ಇದ್ದರೆ ಎಷ್ಟೋ ವಾಸಿ. ಆದರೆ ಸೈನಿಕನಿಗೆ ಒಂದು ಸೈನ್ಯ ಉಂಟು, ಒಂದು ಸರ್ವೀಸ್ ರೆಕಾರ್ಡ್ ಉಂಟು. ನಮ್ಮ ಹುಡುಗ ಒಂಬತ್ತು ತಿಂಗಳು ಈ ಹಡಗು, ರಜೆ, ಮತ್ತೆ ಬೇರೆ ಕಂಪನಿಯ ಬೇರೆ ಹಡಗು. ನಲವತ್ತೈದನೇ ವರ್ಷಕ್ಕೆ ಕೆಮ್ಮು ಶುರುವಾದರೆ ಯಾವ ಹಡಗಿನ ಬಾಗಿಲು ತಟ್ಟಬೇಕು?

8/8

"ಹಾಗಾದರೆ ಹೋಗಬೇಡ ಅಂತೀಯಾ?" ಇಲ್ಲ. ಹೋಗಿ. ಕರಾವಳಿಯ ಎಷ್ಟೋ ಮನೆಗಳ ಸಾಲ ತೀರಿದ್ದು ಹಡಗಿನ ದುಡ್ಡಿಂದ, ನಮ್ಮ ದೊಡ್ಡಮ್ಮನ ಮನೆಗೆ ಟೆರೇಸ್ ಬಂದದ್ದೂ ಹಾಗೆಯೇ. ಆದರೆ ಕೇಳಿ ಹೋಗಿ.

ಏಜೆಂಟಿಗೆ ಡಿಜಿ ಶಿಪ್ಪಿಂಗ್ ಕೊಟ್ಟ ಲೈಸೆನ್ಸ್ ಉಂಟಾ ಅಂತ ಮೊದಲು ನೋಡಿ. ಕೆಲಸ ಕೊಡಿಸಲು ನಿಮ್ಮಿಂದ ದುಡ್ಡು ಕೇಳುವುದೇ ಕಾನೂನಿಗೆ ವಿರುದ್ಧ. ಲಕ್ಷಗಟ್ಟಲೆ ಕೇಳುವವನು ಸುರಕ್ಷತೆ ಕೊಡ್ತಾನೆ ಅಂತ ನಂಬಬೇಡಿ. ಇನ್ಸಿನರೇಟರ್ ನಡೆಸುವವರಿಗೆ ಅದರ ಮ್ಯಾನುಯಲ್ ಪ್ರಕಾರ ತರಬೇತಿ ಕೊಡಲೇಬೇಕು ಅಂತ ಮಾರ್ಪೋಲಿನಲ್ಲೇ ಬರೆದಿದೆ. ಅದು ಉಪಕಾರ ಅಲ್ಲ. "ಹಳಬರು ತೋರಿಸಿಕೊಡ್ತಾರೆ" ಅಂದರೆ ಅದು ತರಬೇತಿ ಅಲ್ಲ, ತಂತಿ ಸುತ್ತುವುದನ್ನು ಕಲಿಯುವುದು ಹಾಗೆಯೇ. ಹಡಗಿಗೆ ಹತ್ತಿದ ಮೊದಲ ವಾರ ಆ ರೂಮಿಗೆ ಹೋಗಿ ಬಾಗಿಲಿನ ಸ್ವಿಚ್ ನೋಡಿ. ತಂತಿ ಕಂಡರೆ ಫೋಟೋ ತೆಗೆದು, ತಾರೀಕು ಹಾಕಿ, ಬರವಣಿಗೆಯಲ್ಲಿ ಚೀಫ್ ಎಂಜಿನಿಯರಿಗೆ ತಿಳಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ನಿಮ್ಮದೇ ಒಂದು ಚಿಕ್ಕ ಡೈರಿ ಇಡಿ: ಇವತ್ತು ಎಷ್ಟು ಗಂಟೆ ಸುಟ್ಟೆ, ಏನು ಸುಟ್ಟೆ, ಯಾವ ಮಾಸ್ಕ್. ಅವರ ಪುಸ್ತಕದಲ್ಲಿ ಇಲ್ಲದ ಕಾಲಂ ನಿಮ್ಮದರಲ್ಲಿ ಇರಲಿ.

ಮತ್ತೆ ಆಫೀಸರ್ ಆಗುವ ಆಸೆ ಇರುವವರಿಗೆ, ಡೆಕ್ ಕೆಡೆಟ್ ಇಂಟರ್ವ್ಯೂಗೆ ಓದ್ತಿರುವ ಆ ಇಬ್ಬರಿಗೆ (ನಿಮಗೆ ಗೊತ್ತು ನೀವು ಯಾರು ಅಂತ): ನಾಳೆ ರಿಪೋರ್ಟ್ ಬರೆಯುವ ಪೆನ್ನು ನಿಮ್ಮ ಕೈಗೆ ಬರ್ತದೆ. ಅವತ್ತು ಸ್ವಿಚ್ಚಿನ ಬಗ್ಗೆಯೂ ಒಂದು ಸಾಲು ಬರೆಯಿರಿ.

ಕೊನೆಯ ಫೋಟೋದಲ್ಲಿರುವ ಕೈ ಅವನದ್ದೇ. ಹಾಕಬಹುದಾ ಅಂತ ಮೂರು ಸಲ ಕೇಳಿದೆ. ಮೊದಲೆರಡು ಸಲ ಬೇಡ ಅಂದ. ಮೂರನೇ ಸಲ "ಮುಖ ಬೇಡ, ಕೈ ಹಾಕು" ಅಂದ. ಮುಂದಿನ ತಿಂಗಳು ಮತ್ತೆ ಹೊರಡ್ತಾನೆ, ಈ ಸಲ ಬೇರೆ ಕಂಪನಿ. ಭಾನುವಾರ ಸಂಜೆ ನಮ್ಮ ಮನೆಗೆ ಊಟಕ್ಕೆ ಬರ್ತಾನೆ. ಏನಾದರೂ ಕೇಳಬೇಕಿದ್ದರೆ ಶನಿವಾರದ ಒಳಗೆ ಕೆಳಗೆ ಬರೆಯಿರಿ, ಕೇಳಿ ಉತ್ತರ ಹಾಕ್ತೇನೆ. ಸಂಬಳ ಎಷ್ಟು ಅಂತ ಮಾತ್ರ ಕೇಳಬೇಡಿ, ಅದನ್ನು ದೊಡ್ಡಮ್ಮನಿಗೇ ಹೇಳಿಲ್ಲ.

#ಪಣಂಬೂರು #ಹಡಗಿನಕೆಲಸ #ಇನ್ಸಿನರೇಟರ್ #ಬಿಕಾಂಹುಡುಗರು